ಒಂದೇ ಹೆಡ್‌ಫೋನ್ ಅಂತಾರೆ, ಆದ್ರೆ ಹಳೇ 650ಗೂ ಹೊಸ 6ಎಕ್ಸ್‌ಎಕ್ಸ್‌ಗೂ ಸೌಂಡ್ ಯಾಕೆ ಬೇರೆ?

ತಂಬೂರಿ_ತಂತಿ

ಎಲ್ರಿಗೂ ನಮಸ್ಕಾರ, ಪೋಸ್ಟ್ ಸ್ವಲ್ಪ ಉದ್ದ ಇದೆ ಬೈಕೋಬೇಡಿ. ನನ್ ಹತ್ರ ಈಗ ಎರಡು ಸೆನ್‌ಹೈಸರ್ ಇದೆ. ಒಂದು ಎಚ್‌ಡಿ 650, ನಮ್ಮ ಭಾವ ಜರ್ಮನೀಲಿದ್ದಾಗ ತಗೊಂಡು ಚೆನ್ನಾಗಿ ಉಜ್ಜಿದ್ದು, ಅವ್ರು ಬ್ಲೂಟೂತ್ ಕಡೆ ಹೋದ್ಮೇಲೆ ನನ್ ಪಾಲಿಗೆ ಬಂತು, ಏನಿಲ್ಲ ಅಂದ್ರೂ ಹತ್ತು ವರ್ಷ ಹಳೇದು. ಇನ್ನೊಂದು ಡ್ರಾಪ್ ಅನ್ನೋ ಅಮೆರಿಕದ ಆನ್‌ಲೈನ್ ಅಂಗಡಿಯೋರ ಎಚ್‌ಡಿ 6ಎಕ್ಸ್‌ಎಕ್ಸ್, ಫ್ರೆಂಡ್ ಅಮೆರಿಕದಿಂದ ಬರೋವಾಗ ತರಿಸ್ಕೊಂಡಿದ್ದು, ಇನ್ನೂ ಹೊಸ ವಾಸನೆನೇ ಹೋಗಿಲ್ಲ.

ಎಲ್ಲಿ ಓದಿದ್ರೂ ಎರಡೂ ಒಂದೇ, ಬಣ್ಣ ಕಡುನೀಲಿ ಮಾಡಿ, ಮೂರು ಮೀಟರ್ ಕೇಬಲ್‌ನ 1.8 ಮೀಟರಿಗೆ ಇಳಿಸಿ, ದಪ್ಪ ಪಿನ್ ಬದ್ಲು 3.5 ಎಂಎಂ ಪಿನ್ ಹಾಕಿದಾರೆ ಅಷ್ಟೇ ಅಂತಾರೆ. ಆದ್ರೆ ನನ್ ಕಿವಿ ಒಪ್ತಾ ಇಲ್ಲ. ಹೊಸದ್ರಲ್ಲಿ ಕಛೇರಿ ಕೇಳಿದ್ರೆ ಮೃದಂಗದ ಎಡಗೈ ಗುಂಕಿ ತುಂಬ್ಕೊಂಡು ಬರುತ್ತೆ, ತಂಬೂರಿ ಹಿಂದೆ ಎಲ್ಲೋ ಹರಡ್ಕೊಂಡಿರುತ್ತೆ, ಹಾಡೋರು ಒಂದು ಹೆಜ್ಜೆ ಹಿಂದೆ ಸರ್ದು ಕೂತಂಗಿರುತ್ತೆ. ಹಳೇದ್ರಲ್ಲಿ ಗುಂಕಿ ತೆಳು, ಗಂಟಲು ಮಾತ್ರ ಮುಖದ್ ಮೇಲೇನೇ, ಪಿಟೀಲು ಮೇಲಿನ ಸ್ಥಾಯಿಗೆ ಹೋದಾಗ ಒಂಥರಾ ಕಿರುಚುತ್ತೆ, 'ಸ' 'ಶ' ಬಂದಾಗೆಲ್ಲ ಚುಚ್ಚುತ್ತೆ. 650 ಅಂದ್ರೆ ಮೆತ್ತಗಿನ ಸೌಂಡು, ಮೇಲೆ ಪರದೆ ಹಾಕಿದಂಗೆ ಅಂತ ಎಲ್ರೂ ಹೇಳ್ತಾರೆ, ನಂದು ನೋಡಿದ್ರೆ ಉಲ್ಟಾ!

ಈಗ ಡೌಟುಗಳು. ಹಳೇ ಕಾಲದ್ದಕ್ಕೆ ಡ್ರೈವರ್ (ಒಳಗೆ ಸೌಂಡ್ ಹೊರಡಿಸೋ ಪುಟ್ಟ ಸ್ಪೀಕರ್) ಮುಂದೆ ಕಪ್ಪು ಜಾಲರಿ ಇತ್ತು, ಆಮೇಲೆ ಬೆಳ್ಳಿ ಬಣ್ಣದ್ದು ಬಂತು, ಜೊತೆಗೆ ಡ್ರೈವರೇ ಬದಲಾಯ್ತು ಅಂತ ಒಂದು ಪಂಗಡ. ಕಂಪನಿ ಕೈ ಬದಲಾದ್ಮೇಲೆ ಟ್ಯೂನಿಂಗ್ ಚೇಂಜ್ ಮಾಡಿದಾರೆ ಅಂತ ಇನ್ನೊಂದು. ಬರ್ನ್-ಇನ್, ಅಂದ್ರೆ ತುಂಬಾ ಹೊತ್ತು ಓಡಿಸಿ ಪಳಗಿಸೋದು, ಆದ್ಮೇಲೆ ಹೊಸದೂ ಹಳೇದ್ರ ಥರಾನೇ ಆಗುತ್ತೆ, ಸುಮ್ನೆ ಕೇಳ್ತಾ ಇರು ಅಂತ ಮತ್ತೊಂದು. ಯಾವುದನ್ನ ನಂಬೋದು? ಮನೇಲಿ ಎರಡೆರಡು ಯಾಕೆ ಅಂತ ಪ್ರಶ್ನೆ ಶುರುವಾಗಿದೆ, ಒಂದನ್ನ ಮಾರ್ಲೇಬೇಕು, ಯಾವುದು ಅಂತ ಗೊತ್ತಾಗ್ತಿಲ್ಲ.

ಸೆಟಪ್: ಹಳೇದು ಹಾಲಲ್ಲಿರೋ ಅಪ್ಪನ ಕಾಲದ ಸ್ಟೀರಿಯೋ ರಿಸೀವರಿನ ಜ್ಯಾಕಿಗೆ, ಹೊಸದು ಲ್ಯಾಪ್‌ಟಾಪು ಮತ್ತೆ ಆಪಲ್ ಡಾಂಗಲ್‌ಗೆ (ಹೆಡ್‌ಫೋನ್ ಪಿನ್ ಚುಚ್ಚೋ ಪುಟ್ಟ ಅಡಾಪ್ಟರ್).

ಓಮ್_ಶಾಂತಿ

ಸರ್, ಕೊನೇ ಸಾಲಲ್ಲೇ ಅರ್ಧ ಉತ್ತರ ಇದೆ. ಒಂದನ್ನ ರಿಸೀವರಿಗೆ, ಇನ್ನೊಂದನ್ನ ಡಾಂಗಲ್‌ಗೆ ಹಾಕಿ ಕೇಳಿದ್ರೆ ನೀವು ಹೋಲಿಸ್ತಿರೋದು ಬರೀ ಹೆಡ್‌ಫೋನ್ ಅಲ್ಲ.

ಹಳೇ ರಿಸೀವರ್‌ಗಳಲ್ಲಿ ಹೆಚ್ಚಿನವಕ್ಕೆ ಹೆಡ್‌ಫೋನಿಗೆ ಅಂತ ಬೇರೆ ಆಂಪ್ ಇರ್ತಿರ್ಲಿಲ್ಲ, ಸ್ಪೀಕರ್ ಲೈನಿಗೇ ಒಂದು ರೆಸಿಸ್ಟರ್ ಹಾಕಿ ಜ್ಯಾಕಿಗೆ ಎಳೀತಿದ್ರು. ಅದು ನೂರು ಓಮ್ (ಕರೆಂಟಿಗೆ ಒಡ್ಡೋ ತಡೆಯ ಅಳತೆ) ಮೇಲೆ ಇರೋದು ಮಾಮೂಲು. ಡಾಂಗಲ್ ಔಟ್‌ಪುಟ್ ಒಂದು ಓಮ್ ಹತ್ರ. ಈಗ 650 ಮೇಲೆ 300 ಓಮ್ ಅಂತ ಬರ್ದಿದೆ ಅಲ್ವಾ, ಅದು ಎಲ್ಲಾ ಫ್ರೀಕ್ವೆನ್ಸಿಲೂ 300 ಅಲ್ಲ, ಕೆಳಗಡೆ 80-100 ಹರ್ಟ್ಜ್ ಸುತ್ತ ಗುಡ್ಡ ಎದ್ದು 500ಕ್ಕೆ ಹೋಗುತ್ತೆ. ಜ್ಯಾಕಲ್ಲಿ 120 ಓಮ್ ಇದೆ ಅಂತ ಲೆಕ್ಕ ಹಾಕಿ, 300 ಇರೋ ಕಡೆ ಸಿಗ್ನಲ್ ಸುಮಾರು 2.9 ಡಿಬಿ (ಡೆಸಿಬೆಲ್) ಬೀಳುತ್ತೆ, 500 ಇರೋ ಕಡೆ 1.9 ಡಿಬಿ ಮಾತ್ರ ಬೀಳುತ್ತೆ. ಅಂದ್ರೆ ಉಳಿದಿದ್ದಕ್ಕೆ ಹೋಲಿಸಿದ್ರೆ ಬಾಸ್ 1 ಡಿಬಿಯಷ್ಟು ಎತ್ತಿ ಕೇಳುತ್ತೆ. ಹೆಡ್‌ಫೋನ್ ಅದೇ, ಹಾಡೂ ಅದೇ, ಜ್ಯಾಕ್ ಬೇರೆ ಅಷ್ಟೇ.

ಮಜಾ ಏನಂದ್ರೆ ನಿಮ್ ಕೇಸಲ್ಲಿ ಇದು ತಿರುಗುಮುರುಗು. ಈ ಲೆಕ್ಕದ ಪ್ರಕಾರ ರಿಸೀವರಿಗೆ ಹಾಕಿರೋ ಹಳೇದ್ರಲ್ಲೇ ಗುಂಕಿ ಜಾಸ್ತಿ ಬರ್ಬೇಕಿತ್ತು, ನೀವು ತೆಳು ಅಂತಿದೀರ. ಅಂದ್ರೆ ಅದನ್ನೂ ಮೀರಿಸೋ ಕಾರಣ ಬೇರೆ ಏನೋ ಇದೆ.

ಒಂದು ಅನುಮಾನ ವಾಲ್ಯೂಮ್ ಮೇಲೆ. ಸೌಂಡ್ ಕಮ್ಮಿ ಇಟ್ರೆ ಕಿವಿಗೆ ಮೊದ್ಲು ಕಾಣೆಯಾಗೋದೇ ಬಾಸು, ಇದನ್ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದಾರೆ. ಹಾಲಲ್ಲಿ ಸಣ್ಣಗೆ ಇಟ್ಕೊಂಡು, ರೂಮಲ್ಲಿ ಜೋರಾಗಿ ಇಟ್ಕೊಂಡು ಕೇಳಿದ್ರೂ ಇದೇ ಥರ ಅನ್ಸುತ್ತೆ. ಅರ್ಧ, ಒಂದು ಡಿಬಿ ವ್ಯತ್ಯಾಸ ನಮಗೆ 'ಜೋರು' ಅಂತ ಕೇಳ್ಸೋದೇ ಇಲ್ಲ, 'ಕ್ಲಿಯರ್', 'ತುಂಬ್ಕೊಂಡಿದೆ' ಅಂತ ಕೇಳ್ಸುತ್ತೆ, ಅದೇ ತೊಂದ್ರೆ. ಎರಡನ್ನೂ ಡಾಂಗಲ್‌ಗೇ ಹಾಕಿ, ವಾಲ್ಯೂಮ್ ಬಾರ್ ಮುಟ್ಟಬೇಡಿ. ಎರಡರ ಸ್ಪೆಕ್ಕೂ 300 ಓಮ್, 1 ವೋಲ್ಟಿಗೆ 103 ಡಿಬಿ, ಹಾಗಾಗಿ ಮಟ್ಟ ಹೆಚ್ಚು ಕಮ್ಮಿ ತಾನೇ ಸಮ ಆಗುತ್ತೆ. ಆದ್ರೆ ಆ ಡಾಂಗಲ್‌ನ ಆಂಡ್ರಾಯ್ಡ್ ಫೋನಿಗೆ ಹಾಕ್ಬೇಡಿ, ತುಂಬಾ ಫೋನಲ್ಲಿ ವಾಲ್ಯೂಮ್ ಮೇಲಕ್ಕೆ ಏರೋದೇ ಇಲ್ಲ, ಲ್ಯಾಪ್‌ಟಾಪೇ ಸರಿ.

ಕಂಪನಿ ಕೈ ಬದಲಾದ ಕಥೆ ಬಿಟ್ಟಾಕಿ. ಸೆನ್‌ಹೈಸರ್‌ನ ಕನ್ಸ್ಯೂಮರ್ ವಿಭಾಗ ಸೋನೋವಾ ಕೈಗೆ ಹೋಗಿದ್ದು 2022ರಲ್ಲಿ, 6ಎಕ್ಸ್‌ಎಕ್ಸ್ ಮಾರ್ಕೆಟಿಗೆ ಬಂದಿದ್ದು 2016ರ ಕೊನೇಲಿ. 6ಎಕ್ಸ್‌ಎಕ್ಸ್ ಸೌಂಡ್ ಬೇರೆ ಅನ್ನೋ ಜಗಳ ಅವತ್ತಿಂದಾನೇ ನಡೀತಿದೆ.

ಕಡಲ_ಕಿವಿ

ಇಷ್ಟೆಲ್ಲ ಓಮು ಡಿಬಿ ಲೆಕ್ಕ ಆಯ್ತು, ಆ ಹಳೇದರ ಕಿವಿಮೆತ್ತೆ, ಅದೇ ಪ್ಯಾಡ್, ಹೇಗುಂಟು ಅಂತ ಒಬ್ರೂ ಕೇಳ್ಲಿಲ್ಲ ಅಲ್ವಾ ಮಾರಾಯ್ರೆ. ಹತ್ತು ವರ್ಷ ಬೇರೆಯವ್ರ ತಲೆ ಮೇಲೆ ಕೂತ ಪ್ಯಾಡಲ್ಲಿ ಎಂತ ಉಳಿದಿರ್ತದೆ?

ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿ ನೋಡಿ. ಹೊಸದರ ಪ್ಯಾಡು ಉಬ್ಬಿ ನಿಂತಿರ್ತದೆ, ಹಳೇದು ಅಪ್ಪಚ್ಚಿ ಆಗಿರ್ತದೆ, ಅರ್ಧಕ್ಕರ್ಧ ತೆಳು ಆಗಿರ್ಲಿಕ್ಕೂ ಸಾಕು. ಹಾಕಿಕೊಂಡಾಗ ಕಿವಿಯ ತುದಿ ಒಳಗೆ ಎಲ್ಲಿಯೋ ತಾಗ್ತದಾ ನೋಡಿ. ತಾಗಿದ್ರೆ ಡ್ರೈವರು ಕಿವಿಗೆ ಹತ್ರ ಬಂತು ಅಂತ ಅರ್ಥ. ಡ್ರೈವರಿಗೂ ಕಿವಿಗೂ ನಡುವೆ ಇರುವ ಆ ಸಣ್ಣ ಜಾಗ ಉಂಟಲ್ಲ, ಅದು ಸೌಂಡಿನ ಅರ್ಧ ಭಾಗ. ಅದು ಕಮ್ಮಿ ಆದ್ರೆ ಮಿಡ್ (ಗಂಟಲಿರುವ ನಡುವಿನ ಸ್ವರ) ಮುಂದೆ ನುಗ್ತದೆ, ಜಾಗ ಚಿಕ್ಕದಾದ ಹಾಗೆ ಅನಿಸ್ತದೆ. ಬಾಸು ಯಾವ ಕಡೆ ಹೋಗ್ತದೆ ಅನ್ನೋದು ಹೆಡ್‌ಫೋನಿಂದ ಹೆಡ್‌ಫೋನಿಗೆ ಬೇರೆ, ಪ್ಯಾಡ್ ಕೆನ್ನೆಗೆ ಎಷ್ಟು ಸರಿಯಾಗಿ ಕೂರ್ತದೆ ಅನ್ನೋದರ ಮೇಲೆ ನಿಂತಿದೆ. ನೀವು ಬರ್ದದ್ದು ಓದುವಾಗ ನಂಗೆ ಪ್ಯಾಡೇ ಕಣ್ಣಿಗೆ ಕಂಡದ್ದು.

ಇನ್ನೊಂದು ಉಂಟು. ಪ್ಯಾಡ್ ತೆಗೆದ್ರೆ ಡ್ರೈವರ್ ಮೇಲೆ ತೆಳ್ಳಗಿನ ಕಪ್ಪು ಸ್ಪಂಜಿನ ಒಂದು ದುಂಡು ತುಂಡು ಇರ್ತದೆ. ಅದು ಬರೀ ಧೂಳಿಗೆ ಅಂತ ತಿಳ್ಕೊಳ್ಳುದು ಬೇಡ, ಮೇಲಿನ ಸ್ವರವನ್ನು ಸ್ವಲ್ಪ ಹಿಡಿಯುವ ಕೆಲಸವೂ ಅದರದ್ದೇ. ವರ್ಷ ಹೋದ ಹಾಗೆ ಅದು ಒಣಗಿ, ಮುಟ್ಟಿದ್ರೆ ಪುಡಿ ಪುಡಿ ಆಗ್ತದೆ. ನಮ್ಮ ಕಡೆ ಗಾಳಿಯಲ್ಲಿ ಉಪ್ಪು, ಬೆವರು, ಮಳೆಗಾಲ ಎಲ್ಲ ಸೇರಿ ಇನ್ನೂ ಬೇಗ. ಅದು ಹೋಗಿದ್ರೆ 'ಸ' 'ಶ' ಚುಚ್ಚದೆ ಇರ್ತದಾ?

ದುಡ್ಡು ಖರ್ಚಿಲ್ಲದ ಟೆಸ್ಟು ಹೇಳ್ತೇನೆ. ಹೊಸದರ ಪ್ಯಾಡು ಮತ್ತು ಸ್ಪಂಜು ತೆಗೆದು ಹಳೇದಕ್ಕೆ ಹಾಕಿ, ಹಳೇದರದ್ದು ಹೊಸದಕ್ಕೆ. ಅಂಚಿಗೆ ಬೆರಳು ಕೊಟ್ಟು ಮೆಲ್ಲ ಎಳೆದ್ರೆ ಬರ್ತದೆ, ಅಂಟು ಗಿಂಟು ಎಂತದ್ದೂ ಇಲ್ಲ, ವಾಪಸ್ ಕೂರಿಸುವಾಗ ಸುತ್ತ ಒತ್ತಿದ್ರೆ ಟಕ್ ಟಕ್ ಅಂತ ಕೂರ್ತದೆ. ಸೌಂಡು ಪ್ಯಾಡಿನ ಜೊತೆ ಹೋಯ್ತು ಅಂದ್ರೆ ಪ್ಯಾಡು. ಹೆಡ್‌ಫೋನಿನಲ್ಲೇ ನಿಂತ್ರೆ ಆಮೇಲೆ ಡ್ರೈವರ್ ಕತೆ ಮಾತಾಡುವ. ಹಳೇ ಪ್ಯಾಡು ಸೋಪು ನೀರಲ್ಲಿ ತೊಳೆದ್ರೆ ಸರಿ ಆಗ್ತದೆ ಅಂತ ಕೆಲವ್ರು ಹೇಳ್ತಾರೆ, ಕೊಳೆ ಹೋಗ್ತದೆ ಅಷ್ಟೆ, ಕುಸಿದ ಸ್ಪಂಜು ಎದ್ದು ಬರುದಿಲ್ಲ.

ಹುಬ್ಬಳ್ಳಿ_ಹೈಫೈ

ಎಲ್ಲಾ ಪ್ಯಾಡ್ ತಲಿ ಮ್ಯಾಲ ಹಾಕಬ್ಯಾಡ್ರಿ, ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ ಆಕ್ಕೈತಿ. 650 ಬಂದಿದ್ದು 2003ರಾಗ. ಇಪ್ಪತ್ತು ವರ್ಷದ ಮ್ಯಾಲ ಆತು, ಅಷ್ಟು ವರ್ಷದಾಗ ಒಳಗಿನ ಒಂದು ತಂತಿ, ಒಂದು ಜಾಲರಿ, ಒಂದು ಕಾಗದ ಬದಲಾಗಿಲ್ಲ ಅಂದ್ರ ನಂಬೂದು ಹ್ಯಾಂಗ್ರಿ? ಸಾಮಾನು ಕೊಡೋ ಸಪ್ಲೈಯರ್ ಬದಲಾಗ್ತಾನ, ಅಂಟು ಬದಲಾಕ್ಕೈತಿ, ಮಿಷನ್ ಬದಲಾಕ್ಕಾವು. ಡಬ್ಬಿ ಮ್ಯಾಲ ಹೆಸರು ಅಷ್ಟ ಅದ ಇರ್ತೈತಿ.

ನನ್ನ ಹತ್ರ ಸೆನ್‌ಹೈಸರ್‌ದ್ದ ಎಚ್‌ಡಿ 600 ಐತಿ, ನಮ್ಮ ಗೆಳ್ಯಾನ ಹತ್ರನೂ 600 ಐತಿ. ಎರಡೂ ಹೊಸಾವು ಇದ್ದಾಗ, ಪ್ಯಾಡ್ ಉಬ್ಬಿದ್ದು ಉಬ್ಬಿದ್ದಂಗ ಇದ್ದಾಗ, ಒಂದ ಆಂಪಿಗೆ ಹಾಕಿ ಕೇಳೀವಿ, ಅಂವಂದು ಒಂಚೂರು ಬಲಕ್ಕ ವಾಲ್ತಿತ್ತು. ನನ್ನ ಕಿವಿ ಅಷ್ಟ ಅಲ್ಲ, ಅಂವಂದೂ ಅದ ಹೇಳ್ತು. ಹಂಗಾಗಿ ಡ್ರೈವರ್‌ದಾಗ ಫರಕ್ ಇರಂಗ ಇಲ್ಲ ಅಂತ ಯಾರರ ಅಂದ್ರ ನಾ ಒಪ್ಪಂಗಿಲ್ಲ.

ಬರ್ನ್-ಇನ್ ಮಾತ್ರ ನನಗೂ ಹಿಡಸಂಗಿಲ್ಲ. ರಾತ್ರಿಯೆಲ್ಲಾ ಪಿಂಕ್ ನಾಯ್ಸ್ ಅನ್ನೋ ಸುಯ್ಯ್ ಸದ್ದು ಹಚ್ಚಿ ಮಕ್ಕೊಂಡು, ಮುಂಜಾನೆದ್ದು 'ಆಹಾ ತಗಿ' ಅನ್ನೂದು, ಅದು ಹೆಡ್‌ಫೋನ್ ಪಳಗಿದ್ದಲ್ಲ, ನಮ್ಮ ತಲಿ ಪಳಗಿದ್ದು.

ಓಮ್_ಶಾಂತಿ

ಹುಬ್ಬಳ್ಳಿಯವ್ರು ಹೇಳಿದ ಪೀಸಿಂದ ಪೀಸಿಗೆ ವ್ಯತ್ಯಾಸ ಒಪ್ಕೊಳ್ಳೋ ಮಾತೇ. ಕಂಪನಿನೇ 650ಗೆ ಎಡ-ಬಲ ಡ್ರೈವರ್‌ನ ±1 ಡಿಬಿ ಒಳಗೆ ಜೋಡಿ ಮಾಡಿ ಹಾಕ್ತೀವಿ ಅಂತ ಹೇಳ್ಕೊಳ್ಳುತ್ತೆ, ಅಂದ್ರೆ ಒಂದು ಡಿಬಿ ಆಚೆ ಈಚೆ ಅವ್ರ ಲೆಕ್ಕದಲ್ಲೇ ಓಕೆ. ಒಂದು ಡಿಬಿ ಕಮ್ಮಿ ಅಲ್ಲ, ಮಿಡ್ ಪೂರ್ತಿ ಒಂದು ಡಿಬಿ ಎತ್ತಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಆದ್ರೆ ಇದಕ್ಕೆ ಕದ್ದುಮುಚ್ಚಿ ಡ್ರೈವರ್ ಬದಲಾಯಿಸಿದಾರೆ ಅನ್ನೋ ಕಥೆ ಬೇಕಾಗಿಲ್ಲ, ಒಂದೇ ವಾರ ಒಂದೇ ಲೈನಲ್ಲಿ ಬಂದ ಎರಡು ಪೀಸಲ್ಲೂ ಇದು ಇರುತ್ತೆ. ನಿಮ್ಮ ಎರಡು 600 ಕಥೆನೂ ಅದನ್ನೇ ಹೇಳ್ತಿದೆ ಅಲ್ವಾ.

ಇನ್ನೊಂದು ತಲೆನೋವು ಏನಂದ್ರೆ ಹೆಡ್‌ಫೋನ್‌ನ ಕಣ್ಣು ಕಟ್ಟಿ ಟೆಸ್ಟ್ ಮಾಡೋಕೇ ಆಗಲ್ಲ. ಹೊಸದು ತಲೇನ ಇಕ್ಕಳದಲ್ಲಿ ಹಿಡ್ದಂಗೆ ಹಿಡ್ಯುತ್ತೆ, ಹಳೇದು ಸಡಿಲ, ಹಾಕ್ಕೊಂಡ ತಕ್ಷಣ ಯಾವುದು ಅಂತ ಗೊತ್ತಾಗೋಗುತ್ತೆ, ಆಮೇಲೆ ಕಿವಿ ಏನು ಕೇಳ್ಬೇಕು ಅಂತ ತಲೆ ಮೊದ್ಲೇ ತೀರ್ಮಾನ ಮಾಡಿರುತ್ತೆ. ಹರ್ಮನ್ ಅನ್ನೋ ಆಡಿಯೋ ಕಂಪನೀಲಿ ಶಾನ್ ಆಲಿವ್, ಟಾಡ್ ವೆಲ್ಟಿ ಅವ್ರು ಇದಕ್ಕೇ ಒಂದು ಉಪಾಯ ಮಾಡಿದ್ರು, ಎಲ್ರಿಗೂ ಒಂದೇ ಹೆಡ್‌ಫೋನ್ ಕೊಟ್ಟು, ಬೇರೆ ಬೇರೆ ಹೆಡ್‌ಫೋನ್‌ಗಳ ರೆಸ್ಪಾನ್ಸ್‌ನ ಇಕ್ಯು (ಬಾಸ್, ಟ್ರೆಬಲ್ ಎತ್ತಿ ಇಳಿಸೋ ಈಕ್ವಲೈಜರ್) ಮಾಡಿ ಅದ್ರಲ್ಲೇ ಹಾಕಿ ಕೇಳಿಸಿದ್ರು. ತೂಕ, ಬಿಗಿ, ಬ್ರ್ಯಾಂಡು ಯಾವುದೂ ಗೊತ್ತಾಗಲ್ಲ. ಮನೇಲಿ ನಮಗೆ ಅದು ಆಗೋ ಮಾತಲ್ಲ.

ಅದಿರ್ಲಿ, ಒಂದೇ ಹೆಡ್‌ಫೋನ್‌ನ ತೆಗೆದು ಮತ್ತೆ ಹಾಕ್ಕೊಂಡ್ರೂ ಕಿವಿ ಮೇಲಿನ ಬಟ್ಟಲು ಒಂಚೂರು ಮುಂದೆ ಹಿಂದೆ ಕೂತ್ರೆ ಮೇಲಿನ ಟ್ರೆಬಲ್ ಹಲವು ಡಿಬಿ ಅಲ್ಲಾಡುತ್ತೆ. ಅದಕ್ಕೇ ಅಳತೆ ಮಾಡೋರು ಸೀಟಿಂಗ್ ಬದಲಾಯಿಸಿ ಬದಲಾಯಿಸಿ ಸರಾಸರಿ ತೆಗೀತಾರೆ. ಒಂದು ಸಲ ಹಾಕ್ಕೊಂಡು ತೀರ್ಪು ಕೊಡಬೇಡಿ.

ಸೈಲೆನ್ಸ್_ಸೀನ

ಈ ಥ್ರೆಡ್ ನೋಡಿ ಬೋಸ್ ಗಲಾಟೆ ನೆನಪಾಯ್ತು ಗುರು. 2019ರಲ್ಲಿ ಅವ್ರ ಕ್ಯೂಸಿ 35 ಹೆಡ್‌ಫೋನಿಗೆ 4.5.2 ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಬಂತು, ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದು ಅಡಗಿಸೋದು) ಸತ್ತೋಯ್ತು, ಹಳೇ ವರ್ಷನ್ ವಾಪಸ್ ಕೊಡಿ ಅಂತ ಜನ ಕಂಪನಿ ಫೋರಮ್ಮಲ್ಲಿ ಪುಟಗಟ್ಲೆ ಜಗಳ. ಕೊನೆಗೆ ಕಂಪನಿಯವ್ರು ಕೆಲವ್ರ ಮನೆಗೇ ಹೋಗಿ ಚೆಕ್ ಮಾಡಿ, ಫರ್ಮ್‌ವೇರಿಂದ ಏನೂ ಕಮ್ಮಿ ಆಗಿಲ್ಲ ಅಂತ ವರದಿ ಹಾಕಿದ್ರು. ಆ ಕಡೆ ಅಳತೆ ಮಾಡೋ ಸೈಟೊಂದು ಬಾಸ್ ಭಾಗದಲ್ಲಿ ವ್ಯತ್ಯಾಸ ಕಾಣ್ತಿದೆ ಅಂತ್ಲೂ ಹಾಕಿತ್ತು. ಅಲ್ಲಿಗೆ ಎರಡೂ ಪಾರ್ಟಿಗೂ ಸಾಕ್ಷಿ ಸಿಕ್ತು, ಜಗಳ ಡಬಲ್ಲು.

ಸಂದಿಲಿ ನಂದೂ ಒಂದು ಪ್ರಶ್ನೆ ತೂರಿಸ್ತೀನಿ: ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 32 ಓಮ್ ತಗೊಳ್ಳೋದಾ 80 ಓಮ್ ತಗೊಳ್ಳೋದಾ? ಓಮ್ ಜಾಸ್ತಿ ಆದ್ರೆ ಸೌಂಡ್ ನೈಸ್ ಆಗುತ್ತೆ ಅಂತಾರಲ್ಲ.

ಕಡಲ_ಕಿವಿ

ಸೀನಣ್ಣ, ಅಲ್ಲಿಯೂ ಓಮಿನ ಹೆಸರಲ್ಲಿ ಪ್ಯಾಡಿನ ಕೆಲಸ ಉಂಟು. 32ಕ್ಕೆ ಕೊಡುದು ಚರ್ಮದ ಥರದ ಪ್ಯಾಡು, 80 ಮತ್ತು 250ಕ್ಕೆ ಮಕಮಲ್ಲು. ಮುಚ್ಚಿದ ಹೆಡ್‌ಫೋನಲ್ಲಿ ಈ ಎರಡು ಬಟ್ಟೆಗೆ ಬಾಸೇ ಬೇರೆ ಆಗ್ತದೆ, ಒಂದು ಗಾಳಿ ಬಿಡುದಿಲ್ಲ, ಇನ್ನೊಂದು ಬಿಡ್ತದೆ. ಜನ ಅದನ್ನು ಕೇಳಿ '32 ಓಮಿನ ಸೌಂಡೇ ಹೀಗೆ' ಅಂತ ಬರೀತಾರೆ. ಕನ್ನಡಕ ಹಾಕ್ತೀರಾದ್ರೆ, ಸೆಕೆ ಊರಲ್ಲಿದ್ರೆ ಮಕಮಲ್ಲೇ ತಗೊಳ್ಳಿ. ಫೋನಿಗೇ ಚುಚ್ಚಿ ಕೇಳುದಾದ್ರೆ 32. ಜಾಸ್ತಿ ತಲೆ ಬಿಸಿ ಬೇಡ.

ತಂಬೂರಿ_ತಂತಿ

ಎಲ್ರಿಗೂ ಥ್ಯಾಂಕ್ಸ್, ವೀಕೆಂಡಲ್ಲಿ ಕೂತು ಮಾಡ್ದೆ. ಮೊದ್ಲು ಎರಡನ್ನೂ ಡಾಂಗಲ್‌ಗೇ ಹಾಕಿದೆ, ವಾಲ್ಯೂಮ್ ಮುಟ್ಲಿಲ್ಲ. ವ್ಯತ್ಯಾಸ ಹಾಗೇ ಇತ್ತು, ಇನ್ನೂ ಸ್ವಲ್ಪ ಜಾಸ್ತಿನೇ ಆಯ್ತು ಅಂದ್ರೂ ಸರಿ, ಓಮ್_ಶಾಂತಿ ಹೇಳ್ದಂಗೆ ರಿಸೀವರು ಹಳೇದಕ್ಕೆ ಬಾಸ್ ಸಾಲ ಕೊಡ್ತಿತ್ತು ಅನ್ಸುತ್ತೆ.

ಆಮೇಲೆ ಪ್ಯಾಡ್. ಹಳೇದ್ರ ಪ್ಯಾಡ್ ಎಳೆದ್ರೆ ಸ್ಪಂಜು ಬರ್ಲೇ ಇಲ್ಲ, ಅಂಚಲ್ಲಿ ಒಂದು ರಿಂಗ್ ಉಳ್ಕೊಂಡಿತ್ತು ಅಷ್ಟೇ, ನಡುವೆ ತೂತು, ಉಳಿದಿದ್ದೆಲ್ಲ ಕಾಫಿಪುಡಿ ಥರ ಉದುರ್ತು. ಬ್ರಶ್ ಹಾಕಿ ಮೆಲ್ಲಗೆ ತೆಗ್ದೆ. ಪ್ಯಾಡ್ ಒಳಗಡೆ ಒಂದು ಕಡೆ ಭಾವನ ಕನ್ನಡಕದ ಕಡ್ಡಿ ಕೂರ್ತಿದ್ದ ಜಾಗದಲ್ಲಿ ಗೆರೆನೇ ಬಿದ್ದಿದೆ, ಬೆರಳಿಟ್ರೆ ಗೊತ್ತಾಗುತ್ತೆ.

ಹೊಸದ್ರ ಪ್ಯಾಡು, ಸ್ಪಂಜು ಹಳೇದಕ್ಕೆ ಹಾಕಿ ಅದೇ ಕಛೇರಿ ಹಾಕ್ದೆ. ಗುಂಕಿ ಬಂತು ಸರ್! ಪಿಟೀಲು ಕಿರುಚೋದು ಹೋಯ್ತು, ಹಾಡೋರು ಹಿಂದಕ್ಕೆ ಸರಿದ್ರು. ಹಳೇ ಪ್ಯಾಡ್ ಹಾಕಿರೋ ಹೊಸದನ್ನ ಕೇಳಿದ್ರೆ ಈಗ ಅದೇ ಚುಚ್ತಿದೆ. ಅಂದ್ರೆ ಸೌಂಡು ಪ್ಯಾಡ್ ಹಿಂದೆನೇ ಹೋಯ್ತು. ಪೂರ್ತಿ ಒಂದೇ ಆಯ್ತಾ ಅಂದ್ರೆ ಇಲ್ಲ, ಪ್ಯಾಡ್ ಅದಲು ಬದಲು ಮಾಡಿದ್ಮೇಲೂ 650ಲಿ ಎಡಗಡೆ ಒಂಚೂರು ಮುಂದಿದೆ ಅನ್ಸುತ್ತೆ, ಮಾನೋ ರೆಕಾರ್ಡಿಂಗ್ ಹಾಕಿದ್ರೆ ಗಂಟಲು ನಡುವೆ ಕೂರಲ್ಲ. ಹೆಡ್‌ಫೋನ್‌ನ ತಿರುಗಿಸಿ ಎಡದ್ದನ್ನ ಬಲಕ್ಕೆ ಹಾಕ್ಕೊಂಡ್ರೆ ಆ ವಾಲೋದೂ ಬಲಕ್ಕೆ ಹೋಗುತ್ತೆ, ಹಾಗಾಗಿ ಇದು ನನ್ ಕಿವಿದಲ್ಲ. ಇದು ಹುಬ್ಬಳ್ಳಿಯವ್ರ ಲೆಕ್ಕಕ್ಕೆ.

ಮತ್ತೆ ಜಾಲರಿ, ಎರಡರಲ್ಲೂ ಬೆಳ್ಳಿ ಬಣ್ಣದ್ದೇ ಇದೆ. ಕಪ್ಪು ಜಾಲರಿ ಪಂಗಡದವ್ರಿಗೆ ನನ್ ಕಡೆಯಿಂದ ಏನೂ ಸಿಗಲ್ಲ ಸಾರಿ.

ಈಗ ಹೊಸ ಪ್ಯಾಡ್ ತಗೋಬೇಕು. ಆನ್‌ಲೈನಲ್ಲಿ ಕಾಲು ಭಾಗ ರೇಟಿಗೆ ಡೂಪ್ಲಿಕೇಟ್ ಕಾಣ್ತಿದೆ, ತಗೋಬಹುದಾ? ಮತ್ತೆ ಇಕ್ಯು ಹಾಕೋದಾದ್ರೆ ಸಿದ್ಧ ಸೆಟ್ಟಿಂಗ್ ಇರುತ್ತಲ್ಲ, 650 ಪ್ರಿಸೆಟ್ಟಾ, 6ಎಕ್ಸ್‌ಎಕ್ಸ್ ಪ್ರಿಸೆಟ್ಟಾ?

ಓಮ್_ಶಾಂತಿ

ಡೂಪ್ಲಿಕೇಟ್ ಬೇಡ. ದಪ್ಪ ಬೇರೆ, ಬಟ್ಟೆ ಬೇರೆ, ಒಳಗಿನ ಸ್ಪಂಜಿನ ಗಟ್ಟಿತನ ಬೇರೆ, ಮೂರನೇ ಥರದ ಸೌಂಡ್ ಬರುತ್ತೆ, ಮತ್ತೆ ಇಲ್ಲೇ ಇನ್ನೊಂದು ಥ್ರೆಡ್ ಹಾಕ್ತೀರ. ಕಂಪನಿ ಪ್ಯಾಡ್ ತಗೊಳ್ಳಿ, ಜೊತೆಗೆ ಆ ಕಪ್ಪು ಸ್ಪಂಜೂ ಬರುತ್ತಾ ನೋಡ್ಕೊಂಡು ತಗೊಳ್ಳಿ.

ಇಕ್ಯು ಯಾವುದು ಹಾಕಿದ್ರೂ ನಡೆಯುತ್ತೆ, ಆಟೋ‌ಇಕ್ಯು, ಒರಾಟರಿ1990 ಅನ್ನೋ ಎರಡು ಪ್ರಿಸೆಟ್ ಪಟ್ಟೀಲೂ 650 ಸಿಗುತ್ತೆ, ಈಕ್ವಲೈಜರ್ ಎಪಿಒ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರಿಗೆ ಹಾಕ್ಕೊಳ್ಳಿ. ಆದ್ರೆ ಪ್ಯಾಡ್ ಬರೋ ತನಕ ಬೇಡ. ಆ ಪ್ರಿಸೆಟ್ ಅಳೆದಿರೋದು ಒಳ್ಳೇ ಪ್ಯಾಡ್ ಮೇಲೆ, ಅಪ್ಪಚ್ಚಿ ಪ್ಯಾಡ್ ಮೇಲೆ ಹಾಕಿದ್ರೆ ಇಲ್ಲದ ಗಾಯಕ್ಕೆ ಮುಲಾಮು ಹಚ್ಚಿದಂಗಾಗುತ್ತೆ. ಎಡಗಡೆ ವಾಲೋದನ್ನ ಅದೇ ಸಾಫ್ಟ್‌ವೇರಲ್ಲಿ ಎಡ ಚಾನೆಲ್ ಅರ್ಧ ಡಿಬಿ ಇಳಿಸಿ ನೋಡಿ, ಸಾಲ್ದಿದ್ರೆ ಇನ್ನೊಂಚೂರು.

ಕಡಲ_ಕಿವಿ

ಮತ್ತೆ ಮಾರುದು ಯಾವುದು? 650 ಆದ್ರೆ ನಂಗೆ ಹೇಳಿ, ಪ್ಯಾಡ್ ಇಲ್ಲದೆ ಕೊಟ್ರೂ ಆಗ್ತದೆ, ನನ್ನ ಹತ್ರ ಒಂದು ಜೊತೆ ಹೊಸದು ಬಿದ್ದುಕೊಂಡುಂಟು.

ಹುಬ್ಬಳ್ಳಿ_ಹೈಫೈ

ಎಡಕ್ಕ ವಾಲೂದು ರೇಟಿನ್ಯಾಗ ಕಡಿಮಿ ಮಾಡಿಸ್ರಿ ಮತ್ತ.

ತಂಬೂರಿ_ತಂತಿ

6ಎಕ್ಸ್‌ಎಕ್ಸ್ ಮಾರ್ತಿದೀನಿ. ಭಾವ ಕೊಟ್ಟಿದ್ದನ್ನ ಮಾರಿದ್ರೆ ಮನೇಲಿ ಬೇರೆ ಥರದ ಸೌಂಡ್ ಕೇಳ್ಬೇಕಾಗುತ್ತೆ. ಪ್ಯಾಡ್ ಒಂದು ಜೊತೆ ಎಷ್ಟಕ್ಕೆ ಕೊಡ್ತೀರ ಹೇಳಿ, ಮೆಸೇಜ್ ಮಾಡ್ತೀನಿ.